ಊರಿನ ಶಾಸನಕಲ್ಲು ಸವೆಯುತ್ತಿದೆಯೇ? ಕ್ಯಾಮೆರಾದ ನೆರವಿನಿಂದ ಅಳೆದು ತಿಳಿಯುವ ಬಗೆ

‘ನಮ್ಮೂರಿನ ವೀರಗಲ್ಲಿನ ಅಕ್ಷರಗಳು ವರ್ಷದಿಂದ ವರ್ಷಕ್ಕೆ ಮಾಸುತ್ತಿವೆ ಅನ್ನಿಸುತ್ತದೆ. ಅದು ನಿಜವೋ, ನಮ್ಮ ಕಣ್ಣಿಗೆ ಹಾಗೆ ಕಾಣುತ್ತಿದೆಯೋ ತಿಳಿಯುವುದು ಹೇಗೆ?’ ಈ ಪ್ರಶ್ನೆಯನ್ನು ಶಾಲಾ ಶಿಕ್ಷಕರು, ದೇವಸ್ಥಾನ ಸಮಿತಿಯವರು, ಇತಿಹಾಸ ಓದುತ್ತಿರುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಹೀಗೆ ಕೇಳುವವರಲ್ಲಿ ಹಲವರ ಮೊಬೈಲಿನಲ್ಲಿ ಅದೇ ಕಲ್ಲಿನ ಹತ್ತಾರು ಫೋಟೋಗಳೂ ಇರುತ್ತವೆ. ಆದರೆ ಒಂದು ಫೋಟೋವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದರೆ ಯಾವುದನ್ನೂ ಖಚಿತವಾಗಿ ಹೇಳಲಾಗುವುದಿಲ್ಲ. ಒಂದನ್ನು ಬೆಳಿಗ್ಗೆ ತೆಗೆದಿದ್ದರೆ ಇನ್ನೊಂದನ್ನು ಮಟಮಟ ಮಧ್ಯಾಹ್ನ ತೆಗೆದಿರುತ್ತಾರೆ. ಒಂದರಲ್ಲಿ ಕಲ್ಲು ಒಣಗಿದ್ದರೆ ಇನ್ನೊಂದರಲ್ಲಿ ಮಳೆಗೆ ನೆನೆದಿರುತ್ತದೆ. ಬಯಲಿನಲ್ಲಿ ಅಥವಾ ಗುಡಿಯಂಗಳದಲ್ಲಿ ನಿಂತಿರುವ ಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳ ಮೇಲ್ಮೈಯಲ್ಲಿ ಆಗುವ ಬದಲಾವಣೆಯನ್ನು ನಂಬಬಹುದಾದ ರೀತಿಯಲ್ಲಿ ಗಮನಿಸುತ್ತಾ ಹೋಗುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ವ್ಯತ್ಯಾಸವನ್ನು ಗಮನಕ್ಕೆ ತಂದುಕೊಳ್ಳಿ. ಚೆಂದದ ಚಿತ್ರ ತೆಗೆಯುವುದು ಒಂದು ಕೆಲಸ, ಹೋಲಿಸಲು ಯೋಗ್ಯವಾದ ಚಿತ್ರ ತೆಗೆಯುವುದು ಬೇರೆಯೇ ಕೆಲಸ. ಎರಡನೆಯದರಲ್ಲಿ ಕ್ಯಾಮೆರಾದ ಬೆಲೆಗಿಂತ, ಇಂದು ತೆಗೆದದ್ದನ್ನು ಮೂರು ವರ್ಷಗಳ ನಂತರ ಬೇರೊಬ್ಬರು ಬಂದು ಹಾಗೆಯೇ ತೆಗೆಯಲು ಸಾಧ್ಯವಾಗುವಂತೆ ನೀವು ಬರೆದಿಟ್ಟ ಟಿಪ್ಪಣಿಯ ಬೆಲೆ ದೊಡ್ಡದು. ಮುಂದಿನ ಎಲ್ಲ ಹಂತಗಳೂ ಈ ಪುನರಾವರ್ತನೆಯನ್ನು ಸಾಧಿಸುವುದಕ್ಕಾಗಿಯೇ ಇವೆ.

ಬೇಕಾಗುವ ಸಾಮಾನು

ಎಲ್ಲ ಸೆಟ್ಟಿಂಗುಗಳನ್ನೂ ಕೈಯಿಂದಲೇ ಹೊಂದಿಸಬಹುದಾದ ಒಂದು ಕ್ಯಾಮೆರಾ ಮತ್ತು ಜೂಮ್ ಇಲ್ಲದ, ಒಂದೇ ನಾಭಿದೂರದ ಲೆನ್ಸ್ ಇರಲಿ. ಜೂಮ್ ಲೆನ್ಸ್ ಒಂದೇ ಇದ್ದರೆ ಅದನ್ನು ಒಂದು ಕೊನೆಗೆ ತಿರುಗಿಸಿ ಟೇಪು ಸುತ್ತಿಬಿಡಿ. ಗಟ್ಟಿಯಾದ ಟ್ರೈಪಾಡ್, ಉಕ್ಕಿನ ಅಳತೆ ಟೇಪು, ಗಾರೆ ಕೆಲಸದವರು ಬಳಸುವ ರಸಮಟ್ಟ ಮತ್ತು ತೂಗುಗುಂಡು, ಮಿಲಿಮೀಟರ್ ಗೆರೆಗಳಿರುವ ಎರಡು ಮೂರು ಅಳತೆಪಟ್ಟಿಗಳು, 24 ಚೌಕಗಳ ಬಣ್ಣದ ಕಾರ್ಡು, ಕೈಯಲ್ಲಿ ಹಿಡಿಯಬಹುದಾದ ಒಂದು ಫ್ಲ್ಯಾಷ್, ಹೊಳಪಿನ ಎರಡು ಕಪ್ಪು ಗೋಲಿಗಳು, ಒಂದು ಉಂಡೆ ದಾರ ಮತ್ತು ಒಂದು ದಪ್ಪ ನೋಟ್‌ಬುಕ್ಕು ಬೇಕು. ಬಣ್ಣದ ಕಾರ್ಡು ಎಂದರೆ ಪ್ರತಿಯೊಂದು ಚೌಕದ ಬಣ್ಣದ ನಿಖರ ಮೌಲ್ಯ ಮೊದಲೇ ಗೊತ್ತಿರುವ ಕಾರ್ಡು. ಕ್ಯಾಮೆರಾ ದಾಖಲಿಸಿದ ಬಣ್ಣವನ್ನು ಅದರ ಆಧಾರದ ಮೇಲೆ ತಿದ್ದಿಕೊಳ್ಳಬಹುದು. ಬಿಸಿಲಿನಲ್ಲಿಟ್ಟರೆ ಆ ಕಾರ್ಡೇ ಬಣ್ಣಗೆಡುತ್ತದೆ. ಆದ್ದರಿಂದ ಬಳಸುವ ಕ್ಷಣದವರೆಗೂ ಅದು ಚೀಲದೊಳಗೇ ಇರಲಿ.

ಮೊಬೈಲ್ ಫೋನ್ ಸಾಲದೇ ಎಂದು ಹಲವರು ಕೇಳುತ್ತಾರೆ. ಕಲ್ಲು ಇದೆ, ನಿಂತಿದೆ, ಬಿದ್ದಿದೆ ಎಂಬುದನ್ನು ದಾಖಲಿಸಲು ಖಂಡಿತ ಸಾಕು. ಆದರೆ ಇಂದಿನ ಫೋನುಗಳು ಹಲವು ಚಿತ್ರಗಳನ್ನು ಒಟ್ಟು ಸೇರಿಸಿ, ಅಂಚುಗಳನ್ನು ಚೂಪಾಗಿಸಿ, ಒರಟು ಮೇಲ್ಮೈಯನ್ನು ನುಣುಪಾಗಿಸಿ ಕೊಡುತ್ತವೆ. ಕಲ್ಲಿನ ಕಣ ಸವೆದಿದೆಯೋ ಇಲ್ಲವೋ ಎಂದು ನಾವು ನೋಡಬೇಕಾದ ಜಾಗದಲ್ಲಿಯೇ ಫೋನು ತನ್ನ ಊಹೆಯನ್ನು ಸೇರಿಸಿರುತ್ತದೆ. ಫೋನನ್ನೇ ಬಳಸಬೇಕಾಗಿ ಬಂದರೆ ಪ್ರೊ ಮೋಡಿಗೆ ಹೋಗಿ, ರಾ ಕಡತವನ್ನು, ಅಂದರೆ ಸೆನ್ಸರಿನಿಂದ ಬಂದ, ಫೋನು ತನ್ನ ಕೈಚಳಕ ಆದಷ್ಟು ಕಡಿಮೆ ತೋರಿದ ದತ್ತಾಂಶವನ್ನು ಉಳಿಸಿಕೊಳ್ಳಿ.

ಹಂತ 1: ಅನುಮತಿ ಪಡೆಯಿರಿ, ಹಳೆಯ ದಾಖಲೆ ಹುಡುಕಿ

ಕಲ್ಲು ಯಾರ ರಕ್ಷಣೆಯಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆಯೂ ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ಕರ್ನಾಟಕದ 1961ರ ಕಾಯ್ದೆಯೂ ಅನ್ವಯಿಸುತ್ತವೆ. ಕೇಂದ್ರ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಟ್ರೈಪಾಡ್ ನಿಲ್ಲಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಕಲ್ಲು ಯಾವ ಪಟ್ಟಿಯಲ್ಲೂ ಇಲ್ಲದೆ ಹೊಲದ ಬದುವಿನಲ್ಲಿಯೋ ಕೆರೆ ಏರಿಯ ಮೇಲೋ ಇದ್ದರೆ ಜಮೀನಿನವರ ಮತ್ತು ಊರ ಹಿರಿಯರ ಒಪ್ಪಿಗೆ ಪಡೆಯಿರಿ. ಎಷ್ಟೋ ವೀರಗಲ್ಲುಗಳಿಗೆ ಇಂದಿಗೂ ಪೂಜೆ ನಡೆಯುತ್ತದೆ. ಪೂಜೆ ಮಾಡುವ ಮನೆಯವರು ನಿಮ್ಮ ಜತೆಗೆ ನಿಂತರೆ ಕಲ್ಲಿನ ಅರ್ಧ ರಕ್ಷಣೆ ಅಲ್ಲಿಯೇ ಆದಂತೆ.

ಅನಂತರ ಹಳೆಯ ಚಿತ್ರಗಳನ್ನು ಹುಡುಕಿ. ಬಿ. ಎಲ್. ರೈಸ್ ಅವರು 1886ರಿಂದ ಹೊರತರಲಾರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿಯೂ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿಯೂ ನಿಮ್ಮೂರಿನ ಶಾಸನದ ಪಾಠ ಅಚ್ಚಾಗಿರುವ ಸಂಭವವಿದೆ. ಹಲ್ಮಿಡಿ ಶಾಸನವನ್ನು ಎಂ. ಎಚ್. ಕೃಷ್ಣ ಅವರು ವಿದ್ವತ್ ಲೋಕಕ್ಕೆ ಪರಿಚಯಿಸಿದ್ದು 1936ರ ಅಂಥ ಒಂದು ವಾರ್ಷಿಕ ವರದಿಯ ಮೂಲಕವೇ. ಪಡಿಯಚ್ಚು, ಅಂದರೆ ಒದ್ದೆ ಕಾಗದವನ್ನು ಕುಂಚದಿಂದ ಬಡಿದು ಕಲ್ಲಿಗೆ ಒತ್ತಿ, ಅದರ ಮೇಲೆ ಮಸಿ ತಟ್ಟಿ ತೆಗೆದ ಪ್ರತಿ ಸಿಕ್ಕರೆ ಅದು ನಿಮ್ಮ ಅತ್ಯಂತ ಹಳೆಯ ಹೋಲಿಕೆಯ ಆಧಾರವಾಗುತ್ತದೆ. ಅಂದು ಓದಲು ಸಿಕ್ಕ ಅಕ್ಷರ ಇಂದು ಕಾಣದಿದ್ದರೆ ಅಲ್ಲಿ ನಷ್ಟವಾಗಿರಬಹುದು ಎಂಬ ಸುಳಿವು ದೊರೆಯುತ್ತದೆ. ಆದರೆ ಎಷ್ಟು ನಷ್ಟ ಎಂಬುದನ್ನು ಪಡಿಯಚ್ಚಿನಿಂದ ಅಳೆಯಲು ಹೋಗಬೇಡಿ. ನೆನೆದ ಕಾಗದ ಒಣಗುವಾಗ ಕುಗ್ಗುತ್ತದೆ. ಹೊಸದಾಗಿ ಪಡಿಯಚ್ಚು ತೆಗೆಯುವ ಯೋಚನೆಯನ್ನಂತೂ ಕೈಬಿಡಿ. ಚಕ್ಕೆ ಏಳುತ್ತಿರುವ ಕಲ್ಲಿಗೆ ಕುಂಚದ ಪೆಟ್ಟು ಬೀಳಬಾರದು.

ಹಂತ 2: ಏನನ್ನು ನೋಡಬೇಕೆಂದು ನಿರ್ಧರಿಸಿ

ಇಡೀ ಕಲ್ಲನ್ನು ಒಂದೇ ಚಿತ್ರದಲ್ಲಿ ಹಿಡಿದು ಎಲ್ಲವನ್ನೂ ತಿಳಿಯುತ್ತೇವೆ ಎಂದುಕೊಳ್ಳುವುದು ಸಾಮಾನ್ಯವಾದ ತಪ್ಪು. ಶಿಲೆಗೆ ತಕ್ಕಂತೆ ಕೇಡಿನ ಬಗೆ ಬೇರೆಯಾಗುತ್ತದೆ. ಬೆಂಗಳೂರು, ಕೋಲಾರದ ಕಡೆಯ ಕಣಶಿಲೆಯಲ್ಲಿ (ಗ್ರಾನೈಟ್) ಕಣಗಳು ಸಡಿಲವಾಗಿ ಉದುರುವುದು ಮತ್ತು ಹಾಳೆಯಂತೆ ಚಕ್ಕೆ ಏಳುವುದು ಹೆಚ್ಚು. ಹಳೇಬೀಡು, ಬೇಲೂರುಗಳ ಬಳಪದ ಕಲ್ಲು ಮೃದು. ಅದರಲ್ಲಿ ಗೀರು, ಕೈ ತಾಗಿ ಆಗುವ ನುಣುಪು ಮತ್ತು ಸೀಳುಗಳನ್ನು ಗಮನಿಸಬೇಕು. ಬಾದಾಮಿ, ಐಹೊಳೆಯ ಮರಳುಗಲ್ಲಿನಲ್ಲಿ ನೆಲದಿಂದ ಮೇಲೇರುವ ತೇವದ ಜತೆಗೆ ಲವಣವೂ ಬಂದು ಮೇಲ್ಮೈಯಲ್ಲಿ ಹರಳುಗಟ್ಟಿ ಪುಡಿ ಉದುರಿಸುತ್ತದೆ. ಇವೆಲ್ಲದರ ಮೇಲೆ ಪಾಚಿ, ಕಲ್ಲುಹೂ, ಎಣ್ಣೆಯ ಜಿಡ್ಡು, ಅರಿಸಿನ ಕುಂಕುಮ, ಸುಣ್ಣ ಮತ್ತು ಇತ್ತೀಚಿನ ಆಯಿಲ್ ಪೇಂಟಿನ ಪದರಗಳಿರುತ್ತವೆ.

ಕಲ್ಲಿನ ಮೇಲೆ ನಾಲ್ಕೈದು ಕಿಟಕಿಗಳನ್ನು ಆರಿಸಿಕೊಳ್ಳಿ. ಕಿಟಕಿ ಎಂದರೆ ಪ್ರತಿ ಬಾರಿಯೂ ಹತ್ತಿರದಿಂದ ಚಿತ್ರ ತೆಗೆಯಬೇಕಾದ ಸುಮಾರು 60 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಭಾಗ. ಒಂದು ಕಿಟಕಿ ಕೆಡುತ್ತಿರುವ ಜಾಗದಲ್ಲಿರಲಿ, ಒಂದು ನೆಲಕ್ಕೆ ಹತ್ತಿರವಿರಲಿ, ಒಂದು ಮಾತ್ರ ಗಟ್ಟಿಮುಟ್ಟಾಗಿ ಕಾಣುವ ಜಾಗದಲ್ಲಿರಲಿ. ಗಟ್ಟಿ ಜಾಗದಲ್ಲೂ ಬದಲಾವಣೆ ಕಂಡುಬಂದರೆ ತಪ್ಪು ನಿಮ್ಮ ವಿಧಾನದಲ್ಲಿ ಇರಬಹುದು ಎಂದು ಅದು ಎಚ್ಚರಿಸುತ್ತದೆ.

ಇಲ್ಲೊಂದು ಸಣ್ಣ ಲೆಕ್ಕವನ್ನು ಮಾಡಿಯೇ ಮುಂದೆ ಹೋಗಬೇಕು. ಶಾಸನದ ಸಾಲಿನಲ್ಲಿರುವ ಒಂದು ಅನುಸ್ವಾರವನ್ನು ತೆಗೆದುಕೊಳ್ಳಿ. ಅದು 5 ಮಿಲಿಮೀಟರ್ ಅಗಲದ, 1 ಮಿಲಿಮೀಟರಿನಷ್ಟು ಆಳದ ಒಂದು ಸಣ್ಣ ಕುಳಿ ಎಂದುಕೊಳ್ಳೋಣ. ಅದರ ಅಂಚಿನಿಂದ ಒಂದು ಕಣ ಉದುರಿದರೂ ಅದು ಸೊನ್ನೆಯೋ ಕಲ್ಲಿನ ಸಹಜ ತಗ್ಗೋ ಎಂಬ ಅನುಮಾನ ಹುಟ್ಟಿ ಪದದ ಓದೇ ಬದಲಾಗಬಹುದು. ಅಡ್ಡಕ್ಕೆ 4000 ಪಿಕ್ಸೆಲ್ ಇರುವ ಕ್ಯಾಮೆರಾದಿಂದ 4 ಮೀಟರ್ ಅಗಲದ ದೃಶ್ಯವನ್ನು ಹಿಡಿದರೆ ಒಂದು ಪಿಕ್ಸೆಲ್ ಕಲ್ಲಿನ ಮೇಲಿನ 1 ಮಿಲಿಮೀಟರಿಗೆ ಸಮ. ಆ ಅನುಸ್ವಾರಕ್ಕೆ ದಕ್ಕುವುದು ಅಡ್ಡಕ್ಕೆ ಐದೇ ಚುಕ್ಕೆ. ಅಡ್ಡಕ್ಕೆ 6000 ಪಿಕ್ಸೆಲ್ ಇರುವ ಕ್ಯಾಮೆರಾದಿಂದ 60 ಸೆಂಟಿಮೀಟರ್ ಅಗಲದ ಕಿಟಕಿಯನ್ನಷ್ಟೇ ಹಿಡಿದರೆ ಒಂದು ಪಿಕ್ಸೆಲ್ ಮಿಲಿಮೀಟರಿನ ಹತ್ತನೆಯ ಒಂದು ಭಾಗವಾಗಿ ಅನುಸ್ವಾರಕ್ಕೆ 50 ಚುಕ್ಕೆಗಳು ಸಿಗುತ್ತವೆ. ಎರಡು ಮೂರು ಪಿಕ್ಸೆಲಿಗಿಂತ ಚಿಕ್ಕದಾದ ಬದಲಾವಣೆಯನ್ನು ಯಾವ ಚಿತ್ರದಿಂದಲೂ ನಂಬಿಕೆಯಿಂದ ಹೇಳಲಾಗದು. ಹುಡುಕುತ್ತಿರುವ ಬದಲಾವಣೆಯ ಗಾತ್ರವನ್ನು ಮೊದಲು ಬರೆದುಕೊಂಡು, ಕಲ್ಲಿನಿಂದ ಎಷ್ಟು ದೂರ ನಿಲ್ಲಬೇಕೆಂಬುದನ್ನು ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ.

ಹಂತ 3: ನಿಲ್ಲುವ ಜಾಗವನ್ನು ಗೊತ್ತುಪಡಿಸಿ

ಟ್ರೈಪಾಡಿನ ನಡುವಿನಿಂದ ತೂಗುಗುಂಡು ಇಳಿಬಿಟ್ಟು ಅದು ನೆಲವನ್ನು ಮುಟ್ಟುವ ಬಿಂದುವನ್ನು ಗುರುತಿಸಿ. ಆ ಬಿಂದುವಿನಿಂದ ಅಲುಗಾಡದ ಎರಡು ಮೂರು ಗುರುತುಗಳಿಗೆ, ಉದಾಹರಣೆಗೆ ಗುಡಿಯ ಜಗತಿಯ ಮೂಲೆ, ಗರುಡಗಂಬದ ಬುಡ, ಬಾವಿಕಟ್ಟೆಯ ಅಂಚು, ಇವುಗಳಿಗೆ ಟೇಪು ಹಿಡಿದು ಅಳೆದು ಬರೆದುಕೊಳ್ಳಿ. ಲೆನ್ಸಿನ ಮಧ್ಯಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ, ಕಲ್ಲಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಸೆಂಟಿಮೀಟರಿನವರೆಗೆ ದಾಖಲಿಸಿ. ಕ್ಯಾಮೆರಾ ಓರೆಯಾಗದಂತೆ ರಸಮಟ್ಟದಲ್ಲಿ ನೋಡಿ. ಕಲ್ಲೇ ವಾಲಿದ್ದರೆ ಕ್ಯಾಮೆರಾವನ್ನೂ ಅಷ್ಟೇ ವಾಲಿಸಿ, ಮುಖಕ್ಕೆ ನೇರವಾಗುವಂತೆ ಹೊಂದಿಸಿ, ಆ ಕೋನವನ್ನೂ ಬರೆದಿಡಿ. ಮಣ್ಣಿನ ನೆಲದ ಎತ್ತರ ಮಳೆಗಾಲ ಕಳೆದ ಮೇಲೆ ಬದಲಾಗುವುದರಿಂದ ಎತ್ತರವನ್ನು ಜಗತಿಯಂತಹ ಸ್ಥಿರ ಮಟ್ಟದಿಂದಲೂ ಅಳೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯ ಭೇಟಿಯಲ್ಲಿ ಮೊದಲ ಸಲದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಕ್ಯಾಮೆರಾದ ನೇರ ದೃಶ್ಯವನ್ನು ಅದರ ಮೇಲೆ ಅರೆಪಾರದರ್ಶಕವಾಗಿ ಕೂಡಿಸಿ ನೋಡಿದರೆ ಎರಡೂ ಒಂದಾಗುವವರೆಗೆ ಟ್ರೈಪಾಡನ್ನು ಸರಿಸಬಹುದು. ಆ ಸೌಲಭ್ಯ ಇಲ್ಲದವರು ಹಳೆಯ ಚಿತ್ರದ ನಾಲ್ಕು ಮೂಲೆಗಳಲ್ಲಿ ಏನೇನು ಕಾಣುತ್ತದೆ ಎಂಬುದನ್ನು ಮುದ್ರಿಸಿಕೊಂಡು ಹೋಗಿ.

ಕಲ್ಲಿನ ಮೇಲೆ ಯಾವ ಗುರುತನ್ನೂ ಮಾಡಬಾರದು. ಸೀಮೆಸುಣ್ಣ, ಅಂಟಿನ ಚೀಟಿ, ಪೆನ್ಸಿಲ್ ಗೆರೆ ಯಾವುದೂ ಬೇಡ. ಅಕ್ಷರ ಕಾಣಲೆಂದು ಹಿಟ್ಟು ಬಳಿಯುವುದು, ನೀರೆರೆದು ಉಜ್ಜುವುದು, ಎಣ್ಣೆ ಹಚ್ಚುವುದು, ತೆಂಗಿನ ನಾರಿನಿಂದ ಪಾಚಿ ಕೆರೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿಗಳು. ಕಲ್ಲುಹೂವಿನ ಬೇರಿನಂಥ ಎಳೆಗಳು ಕಲ್ಲಿನ ಕಣಗಳ ಸಂದುಗಳಲ್ಲಿ ಇಳಿದಿರುತ್ತವೆ. ಕೆರೆದು ತೆಗೆದರೆ ಅದರ ಜತೆಗೆ ಅಕ್ಷರದ ಅಂಚೂ ಕಿತ್ತು ಬರುತ್ತದೆ. ಆಮೇಲೆ ನೀವು ದಾಖಲಿಸುವುದು ನೀವೇ ಮಾಡಿದ ಗಾಯವನ್ನು.

ಹಂತ 4: ಬೆಳಕು, ಬಣ್ಣ, ಕ್ಯಾಮೆರಾದ ಹೊಂದಾಣಿಕೆ

ಋತು ಒಂದೇ ಇರಲಿ. ಜನವರಿ, ಫೆಬ್ರವರಿಯ ಒಣ ಹವೆ ಕರ್ನಾಟಕದ ಬಹುಭಾಗಕ್ಕೆ ಹೊಂದುತ್ತದೆ. ಮಳೆ ಬಿದ್ದು ಕೆಲವು ದಿನಗಳಾದರೂ ಕಳೆದಿರಬೇಕು, ಏಕೆಂದರೆ ತೇವವಿರುವ ಕಲ್ಲು ಒಣಕಲ್ಲಿಗಿಂತ ಕಪ್ಪಾಗಿ ಕಾಣುತ್ತದೆ. ಜಾತ್ರೆ, ಹಬ್ಬದ ಮರುದಿನ ಹೋಗಬೇಡಿ. ಬಣ್ಣದ ದಾಖಲೆಗೆ ನೇರ ಬಿಸಿಲು ಬೇಡ. ಇಡೀ ಕಲ್ಲು ಸಮನಾದ ನೆರಳಿನಲ್ಲಿರುವ ಹೊತ್ತನ್ನು ಆರಿಸಿಕೊಳ್ಳಿ ಅಥವಾ ಇಬ್ಬರು ಬಿಳಿಯ ಪಂಚೆ ಹಿಡಿದು ನೆರಳು ಮಾಡಲಿ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) 100, ಅಪರ್ಚರ್ (ಲೆನ್ಸಿನೊಳಗಿನ ಕಿಂಡಿಯ ಅಳತೆ) ಎಫ್ 8ರ ಸುಮಾರು, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಒಂದೇ ಮೌಲ್ಯಕ್ಕೆ ಸ್ಥಿರ, ಫೋಕಸ್ ಕೈಯಿಂದ, ಕಡತ ರಾ ರೂಪದಲ್ಲಿ. ಇವುಗಳಲ್ಲಿ ಒಂದನ್ನೂ ಸ್ವಯಂಚಾಲಿತಕ್ಕೆ ಬಿಡಬೇಡಿ. ಪ್ರತಿ ಕಿಟಕಿಗೆ ಮೊದಲು ಬಣ್ಣದ ಕಾರ್ಡು ಮತ್ತು ಅಳತೆಪಟ್ಟಿಗಳನ್ನು ಕಲ್ಲಿಗೆ ತಾಗದಂತೆ, ಆದರೆ ಅದೇ ಸಮತಲದಲ್ಲಿ ಒಂದು ಕಡ್ಡಿಗೆ ಸಿಕ್ಕಿಸಿ ಒಂದು ಚಿತ್ರ ತೆಗೆಯಿರಿ. ಬಳಿಕ ಅವುಗಳನ್ನು ಸರಿಸಿ ಇನ್ನೊಂದು ತೆಗೆಯಿರಿ.

ಬಣ್ಣದ ವ್ಯತ್ಯಾಸವನ್ನು ಅಳೆಯುವ ಘಟಕಕ್ಕೆ ಡೆಲ್ಟಾ ಇ ಎಂದು ಹೆಸರು. ಎರಡು ಬಣ್ಣಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮನುಷ್ಯರ ಕಣ್ಣಿಗೆ ಆಗಷ್ಟೇ ಗೊತ್ತಾಗುವ ವ್ಯತ್ಯಾಸ ಸ್ಥೂಲವಾಗಿ 1 ಎಂದಿಟ್ಟುಕೊಳ್ಳಬಹುದು. ಹೊರಾಂಗಣದಲ್ಲಿ ಎಷ್ಟೇ ಜಾಗ್ರತೆಯಿಂದ ತೆಗೆದರೂ ಬೆಳಕಿನ ಏರಿಳಿತದಿಂದಲೇ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಆದ್ದರಿಂದ ಬಯಲಿನ ಕಲ್ಲಿನ ವಿಷಯದಲ್ಲಿ ಬಣ್ಣದ ಸಂಖ್ಯೆಗಿಂತ ಕಲೆಯ ಅಥವಾ ಪಾಚಿಯ ಗಡಿ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂಬ ಅಳತೆ ಹೆಚ್ಚು ನಂಬಲರ್ಹ.

ಮನೆಯೊಳಗಿನ ತಾಳೆಗರಿ ಕಟ್ಟು ಅಥವಾ ಮೈಸೂರು ಶೈಲಿಯ ಚಿತ್ರಪಟವಾದರೆ ಲೆಕ್ಕಾಚಾರ ಉಲ್ಟಾ. ಅಲ್ಲಿ ಬೆಳಕು ನಿಮ್ಮ ಹತೋಟಿಯಲ್ಲಿರುವುದರಿಂದ ಬಣ್ಣದ ಅಳತೆಗೆ ಬೆಲೆ ಬರುತ್ತದೆ. ಆದರೆ ಬೆಳಕೇ ಅವುಗಳ ಶತ್ರುವೂ ಹೌದು. ಬೆಳಕಿಗೆ ಬೇಗ ಕೆಡುವ ಇಂಥ ವಸ್ತುಗಳ ಪ್ರದರ್ಶನಕ್ಕೆ ಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿ 50 ಲಕ್ಸ್ (ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ). ಚಿತ್ರ ತೆಗೆಯುವಾಗ ಮಾತ್ರ ದೀಪ ಹೊತ್ತಿಸಿ, ಮುಗಿದೊಡನೆ ಆರಿಸಿ.

ಹಂತ 5: ಓರೆ ಬೆಳಕು ಮತ್ತು ಆರ್‌ಟಿಐ

ಸಂಜೆಯ ಬಿಸಿಲು ಅಡ್ಡಲಾಗಿ ಬಿದ್ದಾಗ ಮಧ್ಯಾಹ್ನ ಕಾಣದಿದ್ದ ಅಕ್ಷರಗಳು ಎದ್ದು ಬರುವುದನ್ನು ನೀವೇ ನೋಡಿರುತ್ತೀರಿ. ಇದೇ ಓರೆ ಬೆಳಕು. ಇದು ತುಂಬ ಉಪಯುಕ್ತ, ಅಷ್ಟೇ ಮೋಸದ್ದು ಕೂಡ. ನಾನು ಈ ಕೆಲಸ ಆರಂಭಿಸಿದ ಕಾಲದಲ್ಲಿ ಒಂದು ಕಲ್ಲಿನ ಮೂರು ಅಕ್ಷರಗಳು ಒಂದೇ ವರ್ಷದಲ್ಲಿ ಅಳಿಸಿಹೋದವೆಂದು ಬರೆದು ಕಳಿಸಿ, ಆಮೇಲೆ ಎರಡು ಚಿತ್ರಗಳ ಹೊತ್ತಿಗೆ ನಾಲ್ಕು ಗಂಟೆಗಳ ಅಂತರವಿದ್ದುದನ್ನು ಕಂಡು ಆ ವರದಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಬೆಳಕಿನ ದಿಕ್ಕು ಕೆಲವೇ ಡಿಗ್ರಿ ಬದಲಾದರೂ ನೆರಳಿನ ಉದ್ದ ಬದಲಾಗುತ್ತದೆ. ಓದುವವರಿಗೆ ಅದು ಆಳದ ಬದಲಾವಣೆಯಂತೆ ತೋರುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಒದಗುವ ವಿಧಾನ ಆರ್‌ಟಿಐ. ಇದು ಮಾಹಿತಿ ಹಕ್ಕಿನ ಆರ್‌ಟಿಐ ಅಲ್ಲ. ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್ ಎಂಬುದರ ಹ್ರಸ್ವರೂಪ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಸ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ತಂತ್ರವೇ ಇದರ ಬುನಾದಿ. ಕ್ಯಾಮೆರಾ ಅಲುಗದೆ ನಿಂತಿರುತ್ತದೆ, ಬೆಳಕು ಮಾತ್ರ ಸುತ್ತಲೂ ಜಾಗ ಬದಲಿಸುತ್ತಾ ಹೋಗುತ್ತದೆ. ಪ್ರತಿಯೊಂದು ಚುಕ್ಕೆಯೂ ಯಾವ ದಿಕ್ಕಿನ ಬೆಳಕಿಗೆ ಎಷ್ಟು ಹೊಳೆಯಿತು ಎಂಬುದರಿಂದ ಆ ಚುಕ್ಕೆಯ ಮೇಲ್ಮೈ ಎತ್ತ ಮುಖ ಮಾಡಿದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಅನಂತರ ಪರದೆಯ ಮೇಲೆ ನಿಮಗೆ ಬೇಕಾದ ದಿಕ್ಕಿನಿಂದ ಬೆಳಕನ್ನು ಹರಿಸಿ ನೋಡಬಹುದು. ಮೂರು ವರ್ಷ ಹಿಂದಿನ ಕಲ್ಲನ್ನೂ ಇಂದಿನ ಕಲ್ಲನ್ನೂ ಒಂದೇ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟಂತಾಗುತ್ತದೆ.

ಮಾಡುವ ಕ್ರಮ ಹೀಗೆ. ಕತ್ತಲಾದ ಮೇಲೆ ಆರಂಭಿಸಿ, ಇಲ್ಲವೇ ಹೊರಗಿನ ಬೆಳಕು ಚಿತ್ರದಲ್ಲಿ ಬಹುತೇಕ ಕಪ್ಪಾಗಿ ಬರುವಷ್ಟು ಫ್ಲ್ಯಾಷನ್ನು ಜೋರಾಗಿಸಿ. ಎರಡು ಕಪ್ಪು ಗೋಲಿಗಳನ್ನು ಕಿಟಕಿಯ ಅಂಚಿನಲ್ಲಿ ಕಡ್ಡಿಗಳ ಮೇಲೆ ನಿಲ್ಲಿಸಿ. ಗೋಲಿಯ ಮೇಲೆ ಮಿನುಗುವ ಬೆಳಕಿನ ಚುಕ್ಕೆಯಿಂದಲೇ ಸಾಫ್ಟ್‌ವೇರಿಗೆ ಫ್ಲ್ಯಾಷ್ ಎಲ್ಲಿತ್ತೆಂದು ತಿಳಿಯುವುದು. ಗೋಲಿಯ ವ್ಯಾಸ ಚಿತ್ರದಲ್ಲಿ 200 ಪಿಕ್ಸೆಲಿಗಿಂತ ಹೆಚ್ಚಿರಬೇಕು. ನಮ್ಮ ಕಿಟಕಿಯ ಲೆಕ್ಕದಲ್ಲಿ 25 ಮಿಲಿಮೀಟರ್ ಗೋಲಿ 250 ಪಿಕ್ಸೆಲ್ ಆಗುತ್ತದೆ. ಫ್ಲ್ಯಾಷಿಗೆ ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ಸಹಾಯಕರು ಕಿಟಕಿಯ ನಡುವಿನ ಮುಂದೆ, ಕಲ್ಲಿಗೆ ತಾಗಿಸದೆ ಹಿಡಿಯಲಿ. ದಾರವನ್ನು ಬಿಗಿಯಾಗಿ ಎಳೆದಾಗ ದೂರ ಎಲ್ಲ ದಿಕ್ಕಿನಲ್ಲೂ ಒಂದೇ ಆಗಿರುತ್ತದೆ. ಚಿತ್ರ ಕ್ಲಿಕ್ಕಿಸುವ ಮೊದಲು ದಾರವನ್ನು ತೆಗೆಯಿರಿ. ಕಿಟಕಿಯ ಕರ್ಣದ ಎರಡರಿಂದ ನಾಲ್ಕು ಪಟ್ಟು ಉದ್ದ ಸರಿಯಾದದ್ದು, ಅಂದರೆ ನಮ್ಮ ಉದಾಹರಣೆಗೆ ಸುಮಾರು ಒಂದೂವರೆಯಿಂದ ಮೂರು ಮೀಟರ್. ಕಲ್ಲಿನ ಮೇಲ್ಮೈಯಿಂದ 15 ಡಿಗ್ರಿಯಿಂದ 65 ಡಿಗ್ರಿಯವರೆಗಿನ ಕೋನಗಳಲ್ಲಿ, ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಹರಡಿ, 40ರಿಂದ 50 ಚಿತ್ರ ತೆಗೆಯಿರಿ. ನೆಲಕ್ಕೆ ಹತ್ತಿರದ ಕಿಟಕಿಯಾದರೆ ಕೆಳಗಿನಿಂದ ಬೆಳಕು ಕೊಡಲಾಗುವುದಿಲ್ಲ. ಆ ಕೊರತೆಯನ್ನು ಟಿಪ್ಪಣಿಯಲ್ಲಿ ಬರೆದಿಡಿ.

ಇದರ ಸಾಫ್ಟ್‌ವೇರ್‌ಗಳು ಉಚಿತವಾಗಿ ಸಿಗುತ್ತವೆ. ಆರ್‌ಟಿಐ ಬಿಲ್ಡರ್ ಮತ್ತು ಆರ್‌ಟಿಐ ವ್ಯೂವರ್ ಎಂಬವು ಹಳೆಯ ಜೋಡಿ, ಇಟಲಿಯ ಪೀಸಾದಲ್ಲಿ ಸಿದ್ಧವಾದ ರೀಲೈಟ್ ಅದಕ್ಕಿಂತ ಹೊಸದು. ಒಂದು ಎಚ್ಚರಿಕೆ: ಆರ್‌ಟಿಐ ಕೊಡುವುದು ಮೇಲ್ಮೈಯ ಇಳಿಜಾರಿನ ದಿಕ್ಕನ್ನು ಮಾತ್ರ, ಮಿಲಿಮೀಟರಿನಲ್ಲಿ ಆಳವನ್ನಲ್ಲ. ಅಕ್ಷರ ಎಷ್ಟು ತೆಳುವಾಯಿತೆಂದು ಅದರಿಂದ ಹೇಳಲು ಹೋಗಬೇಡಿ. ಆಳ ಬೇಕಾದರೆ ಮುಂದಿನ ಹಂತಕ್ಕೆ ಹೋಗಬೇಕು.

ಹಂತ 6: ಛಾಯಾಮಾಪನ

ಒಂದೇ ವಸ್ತುವನ್ನು ಬೇರೆ ಬೇರೆ ಜಾಗಗಳಿಂದ ತೆಗೆದ ಚಿತ್ರಗಳನ್ನು ಒಟ್ಟುಗೂಡಿಸಿ ಅದರ ಮೂರು ಆಯಾಮದ ಮಾದರಿಯನ್ನು ಕಟ್ಟುವುದಕ್ಕೆ ಛಾಯಾಮಾಪನ ಅಥವಾ ಫೋಟೋಗ್ರಾಮೆಟ್ರಿ ಎನ್ನುತ್ತಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಅಧ್ಯಯನ ಸಂಸ್ಥೆಯು ನಗರ ಮತ್ತು ಸುತ್ತಮುತ್ತಲಿನ ಶಾಸನಗಳನ್ನು ಸ್ಕ್ಯಾನರ್ ಬಳಸಿ ಮೂರು ಆಯಾಮದಲ್ಲಿ ದಾಖಲಿಸುತ್ತಾ ಬಂದಿದೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಎಂಟನೆಯ ಶತಮಾನದ ಕಿತ್ತಯ್ಯನ ಶಾಸನವೂ ಅವುಗಳಲ್ಲಿ ಒಂದು. ಅಂಥ ಸ್ಕ್ಯಾನರ್ ನಮ್ಮ ಕೈಗೆ ಎಟುಕದಿದ್ದರೂ ಕ್ಯಾಮೆರಾವೊಂದರಿಂದಲೇ ಒಳ್ಳೆಯ ಮಾದರಿ ಕಟ್ಟಬಹುದು.

ಇಲ್ಲಿ ನಿಯಮ ಆರ್‌ಟಿಐಗೆ ತದ್ವಿರುದ್ಧ: ಬೆಳಕು ಸ್ಥಿರವಾಗಿರುತ್ತದೆ, ಕ್ಯಾಮೆರಾ ಚಲಿಸುತ್ತದೆ. ಒಂದು ಚಿತ್ರದಲ್ಲಿ ಬಂದ ಭಾಗದ ಮುಕ್ಕಾಲು ಪಾಲು ಮುಂದಿನ ಚಿತ್ರದಲ್ಲೂ ಬರುವಂತೆ ಸಾಲು ಸಾಲಾಗಿ ಸಾಗಿ. ನೇರ ಸಾಲುಗಳಷ್ಟೇ ಸಾಲವು. ಎಡದಿಂದ, ಬಲದಿಂದ, ಮೇಲಿನಿಂದ ಓರೆಯಾಗಿ ನೋಡುವ ಚಿತ್ರಗಳನ್ನೂ, ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಹಿಡಿದ ಕೆಲವು ಚಿತ್ರಗಳನ್ನೂ ಸೇರಿಸಿ. ಇವನ್ನು ಬಿಟ್ಟರೆ ಸಪಾಟಾದ ಕಲ್ಲು ಮಾದರಿಯಲ್ಲಿ ಬಟ್ಟಲಿನಂತೆ ಬಾಗಿ ಬರುತ್ತದೆ. ಮುಂದಿನ ವರ್ಷದ ಮಾದರಿ ಇನ್ನೊಂದು ಬಗೆಯಲ್ಲಿ ಬಾಗುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ನೀವು ಸವೆತವೆಂದು ತಿಳಿಯುತ್ತೀರಿ. ಹೊಸಬರ ಕೆಲಸದಲ್ಲಿ ನಾನು ಅತಿ ಹೆಚ್ಚು ಕಂಡಿರುವ ದೋಷ ಇದೇ.

ಕಲ್ಲಿನ ಸುತ್ತ ಕನಿಷ್ಠ ಮೂರು ಅಳತೆಪಟ್ಟಿಗಳಿರಲಿ. ಎರಡನ್ನು ಮಾದರಿಗೆ ಅಳತೆ ಕೊಡಲು ಬಳಸಿ, ಮೂರನೆಯದನ್ನು ಬಳಸದೆ ಉಳಿಸಿಕೊಂಡು, ಮಾದರಿಯಲ್ಲಿ ಅದರ ಉದ್ದ ಸರಿಯಾಗಿ ಬಂದಿದೆಯೇ ಎಂದು ಪರೀಕ್ಷಿಸಿ. ಮೆಶ್‌ರೂಮ್ ಎಂಬ ಸಾಫ್ಟ್‌ವೇರ್ ಉಚಿತ. ಮೆಟಾಶೇಪ್ ಹಣ ಕೊಟ್ಟು ಕೊಳ್ಳಬೇಕಾದದ್ದು. ಮಾದರಿಯ ಮೇಲ್ಮೈಯನ್ನು ನುಣುಪು ಮಾಡುವ ಅಥವಾ ತೂತುಗಳನ್ನು ತಾನೇ ತುಂಬಿಕೊಳ್ಳುವ ಆಯ್ಕೆಗಳನ್ನು ಆಫ್ ಮಾಡಿ.

ಹಂತ 7: ಅದೇ ದಿನ ಇನ್ನೊಮ್ಮೆ ತೆಗೆಯಿರಿ

ಈ ಲೇಖನದಲ್ಲಿ ಒಂದೇ ಹಂತವನ್ನು ನೆನಪಿಟ್ಟುಕೊಳ್ಳುವಿರಾದರೆ ಇದನ್ನು ಇಟ್ಟುಕೊಳ್ಳಿ. ಎಲ್ಲ ಮುಗಿದ ಮೇಲೆ ಟ್ರೈಪಾಡ್ ಮಡಚಿ, ಒಂದು ಲೋಟ ಚಹಾ ಕುಡಿದು, ಮತ್ತೆ ಮೊದಲಿನಿಂದ ಎಲ್ಲವನ್ನೂ ಹೂಡಿ ಕನಿಷ್ಠ ಒಂದು ಕಿಟಕಿಯನ್ನು ಎರಡನೆಯ ಬಾರಿ ದಾಖಲಿಸಿ. ಈ ಒಂದು ಗಂಟೆಯಲ್ಲಿ ಕಲ್ಲು ಬದಲಾಗಿಲ್ಲ. ಆದ್ದರಿಂದ ಎರಡು ದಾಖಲೆಗಳ ನಡುವೆ ಕಾಣುವ ವ್ಯತ್ಯಾಸವೆಲ್ಲವೂ ನಿಮ್ಮ ವಿಧಾನದ್ದೇ. ಉದಾಹರಣೆಗೆ, ಈ ಎರಡು ಮಾದರಿಗಳನ್ನು ಹೋಲಿಸಿದಾಗ ನೂರರಲ್ಲಿ 95 ಬಿಂದುಗಳ ವ್ಯತ್ಯಾಸ 0.3 ಮಿಲಿಮೀಟರಿನ ಒಳಗೆ ಇದ್ದರೆ, ಮುಂದಿನ ವರ್ಷಗಳಲ್ಲಿ 0.3 ಮಿಲಿಮೀಟರಿಗಿಂತ ಕಡಿಮೆ ಕಂಡ ಯಾವುದನ್ನೂ ನೀವು ಸವೆತವೆಂದು ಕರೆಯುವಂತಿಲ್ಲ. ಬಣ್ಣಕ್ಕೂ ಇದೇ ನಿಯಮ. ಈ ಸಂಖ್ಯೆಯನ್ನು ಪ್ರತಿ ಭೇಟಿಯಲ್ಲೂ ಹೊಸದಾಗಿ ಕಂಡುಕೊಳ್ಳಿ, ಏಕೆಂದರೆ ಗಾಳಿ ಬೀಸುವ ದಿನದ ತಪ್ಪಿನ ಪ್ರಮಾಣ ಬೇರೆ, ಹೊಸಬರು ಕ್ಯಾಮೆರಾ ಹಿಡಿದ ದಿನದ್ದು ಬೇರೆ.

ಇದನ್ನು ಮಾಡದೆ ತಯಾರಿಸಿದ, ಕೆಂಪು ನೀಲಿ ಬಣ್ಣಗಳಿಂದ ತುಂಬಿದ ಬದಲಾವಣೆಯ ನಕ್ಷೆಗಳನ್ನು ನಾನು ನಂಬುವುದಿಲ್ಲ, ಅವು ಎಷ್ಟೇ ಸೊಗಸಾಗಿರಲಿ.

ಹಂತ 8: ಹೋಲಿಕೆ

ಎರಡು ಆಯಾಮದ ಚಿತ್ರಗಳನ್ನು ಮೊದಲು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಬೇಕು. ಫೀಜಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇದಕ್ಕೆಂದೇ ಸಲಕರಣೆಗಳಿವೆ. ಕೂರಿಸಿದ ಮೇಲೆ ಒಂದನ್ನು ಇನ್ನೊಂದರಿಂದ ಕಳೆದರೆ ಬದಲಾಗದ ಜಾಗ ಕಪ್ಪಾಗಿಯೂ ಬದಲಾದ ಜಾಗ ಬೆಳ್ಳಗೂ ತೋರುತ್ತದೆ. ಅಂಚುಗಳ ಉದ್ದಕ್ಕೂ ತೆಳುವಾದ ಬಿಳಿ ಗೆರೆ ಎಲ್ಲೆಡೆ ಒಂದೇ ಕಡೆಗೆ ಕಂಡರೆ ಅದು ಬದಲಾವಣೆಯಲ್ಲ, ಚಿತ್ರ ಸರಿಯಾಗಿ ಕೂತಿಲ್ಲ ಎಂದರ್ಥ.

ಮೂರು ಆಯಾಮದ ಮಾದರಿಗಳಿಗೆ ಕ್ಲೌಡ್‌ಕಂಪೇರ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ. ಅದರಲ್ಲಿರುವ ಎಂ3ಸಿ2 ಎಂಬ ವಿಧಾನ, 2013ರಲ್ಲಿ ಪ್ರಕಟವಾದದ್ದು, ಎರಡು ಮೇಲ್ಮೈಗಳ ಅಂತರವನ್ನು ಹೇಳುವುದರ ಜತೆಗೆ ಆ ಅಂತರ ಅಳತೆಯ ದೋಷಕ್ಕಿಂತ ಹೆಚ್ಚಿನದೇ ಎಂಬುದನ್ನೂ ಬಿಂದುಬಿಂದುವಿಗೆ ಹೇಳುತ್ತದೆ. ಮಾದರಿಗಳನ್ನು ಹೊಂದಿಸುವಾಗ ಇಡೀ ಕಲ್ಲನ್ನು ಬಳಸಬೇಡಿ. ಹಾಗೆ ಮಾಡಿದರೆ ಸಾಫ್ಟ್‌ವೇರ್ ಒಂದು ಕಡೆಯ ದೊಡ್ಡ ನಷ್ಟವನ್ನು ಇಡೀ ಮೇಲ್ಮೈಗೆ ಸ್ವಲ್ಪಸ್ವಲ್ಪವಾಗಿ ಹಂಚಿ, ಎಲ್ಲಿಯೂ ಏನೂ ಆಗಿಲ್ಲವೆಂಬಂತೆ ತೋರಿಸುತ್ತದೆ. ಗಟ್ಟಿಯೆಂದು ಆರಿಸಿಟ್ಟ ಭಾಗಗಳನ್ನು ಮಾತ್ರ ಕೊಟ್ಟು ಹೊಂದಿಸಿ.

ನಕ್ಷೆಯಲ್ಲಿ ಕಂಡದ್ದನ್ನು ಕಲ್ಲಿನ ಮುಂದೆ ನಿಂತು ಅರ್ಥಮಾಡಿಕೊಳ್ಳಬೇಕು. ವೀರನ ಕುದುರೆಯ ಮುಂಗಾಲಿನ ಬಳಿ ಅಂಗೈಯಷ್ಟು ಜಾಗ ಅರ್ಧ ಮಿಲಿಮೀಟರ್ ಮುಂದಕ್ಕೆ ಬಂದಂತೆ ತೋರಿದರೆ ಅದಕ್ಕೆ ಮೂರು ಕಾರಣಗಳಿರಬಹುದು: ಕಲ್ಲುಹೂ ದಪ್ಪವಾಗಿರಬಹುದು, ಎಣ್ಣೆ ಕುಂಕುಮದ ಪದರ ಏರಿರಬಹುದು, ಇಲ್ಲವೇ ಒಳಗಿನಿಂದ ಬಿಟ್ಟುಕೊಂಡ ಚಕ್ಕೆ ಉಬ್ಬಿ ಹೊರಬಂದಿರಬಹುದು. ಮೊದಲ ಎರಡಕ್ಕೆ ಬಣ್ಣದ ಚಿತ್ರದಲ್ಲಿ ಸಾಕ್ಷಿ ಸಿಗುತ್ತದೆ. ಬಣ್ಣ ಹಾಗೆಯೇ ಇದ್ದು ಮೇಲ್ಮೈ ಮಾತ್ರ ಮುಂದೆ ಬಂದಿದ್ದರೆ, ಆರ್‌ಟಿಐಯಲ್ಲಿ ಆ ಜಾಗದ ಸುತ್ತ ಹೊಸ ಅಂಚು ಮೂಡಿದ್ದರೆ, ಅದು ಚಕ್ಕೆಯೇ ಇರಬೇಕು. ಅದು ಯಾವಾಗ ಬೇಕಾದರೂ ಉದುರಬಹುದು. ಬೆರಳಿನಿಂದ ತಟ್ಟಿ ನೋಡುವ ಆಸೆಯನ್ನು ಅಲ್ಲಿ ತಡೆದುಕೊಳ್ಳಿ.

ಹಂತ 9: ಕಡತಗಳನ್ನು ಕಾಪಾಡಿ

ರಾ ಕಡತಗಳನ್ನು ಎಂದೂ ಅಳಿಸಬೇಡಿ, ತಿದ್ದಬೇಡಿ. ತಿದ್ದುವುದೆಲ್ಲ ಪ್ರತಿಯ ಮೇಲೆ ನಡೆಯಲಿ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದ್ದು ಕುಗ್ಗಿಹೋಗಿರುತ್ತದೆ, ಅದನ್ನು ದಾಖಲೆಯೆಂದು ಎಣಿಸುವಂತಿಲ್ಲ. ಕಡತದ ಹೆಸರಿನಲ್ಲಿ ಊರು, ಕಲ್ಲಿನ ಸಂಖ್ಯೆ, ಕಿಟಕಿಯ ಸಂಖ್ಯೆ, ವರ್ಷ ತಿಂಗಳು ದಿನ ಇದೇ ಕ್ರಮದಲ್ಲಿ ಬರಲಿ. ಮೂರು ಪ್ರತಿಗಳಿರಲಿ. ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಲಿ. ಪ್ರತಿಯೊಂದು ಕಡತಕ್ಕೂ ಚೆಕ್‌ಸಮ್ ತೆಗೆದಿಡಿ. ಚೆಕ್‌ಸಮ್ ಎಂದರೆ ಕಡತದ ಬೆರಳಚ್ಚಿನಂಥ ಒಂದು ಸಂಖ್ಯೆ. ಒಳಗಿನ ಒಂದು ಅಂಶ ಕೆಟ್ಟರೂ ಆ ಸಂಖ್ಯೆ ಬದಲಾಗುವುದರಿಂದ ಹಾರ್ಡ್‌ಡಿಸ್ಕ್ ಮೌನವಾಗಿ ಕೆಡುತ್ತಿರುವುದು ಗೊತ್ತಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಹೊತ್ತು, ಹವೆ, ಹಿಂದಿನ ವಾರದ ಮಳೆ, ಕ್ಯಾಮೆರಾ ಮತ್ತು ಲೆನ್ಸಿನ ಹೆಸರು, ಎಲ್ಲ ಅಳತೆಗಳು, ಅನುಮತಿ ಕೊಟ್ಟವರು, ಕಲ್ಲಿನ ಮೇಲೆ ಅಂದು ಕಂಡ ಪೂಜೆಯ ಕುರುಹು, ಎಡವಟ್ಟಾದದ್ದು, ಎಲ್ಲವನ್ನೂ ಅಲ್ಲಿಯೇ ಕುಳಿತು ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆಂದರೆ ಅರ್ಧ ಬಿಟ್ಟುಹೋಗುತ್ತದೆ. ಆ ಪುಟಗಳ ಚಿತ್ರವನ್ನೂ ಕಡತಗಳ ಜತೆಗೇ ಇಡಿ.

ಹಂತ 10: ಯಾವಾಗ ಮತ್ತೆ ಹೋಗಬೇಕು, ಯಾರಿಗೆ ತಿಳಿಸಬೇಕು

ವರ್ಷಕ್ಕೊಮ್ಮೆ ಹೋದರೆ ಬಹುತೇಕ ಕಲ್ಲುಗಳಿಗೆ ಸಾಕು. ಚಕ್ಕೆ ಏಳುತ್ತಿರುವ ಅಥವಾ ಮೇಲ್ಮೈಯಲ್ಲಿ ಉಪ್ಪು ಹರಳುಗಟ್ಟಿರುವ ಕಲ್ಲಾದರೆ ಮಳೆಗಾಲಕ್ಕೆ ಮುನ್ನ ಒಮ್ಮೆ, ಕಳೆದು ಒಣಗಿದ ಮೇಲೆ ಒಮ್ಮೆ ಹೋಗಿ. ಹತ್ತಿರದಲ್ಲಿ ರಸ್ತೆ ಅಗಲೀಕರಣವೋ ಕಲ್ಲು ಗಣಿಯೋ ಗುಡಿಯ ಜೀರ್ಣೋದ್ಧಾರವೋ ಶುರುವಾಗುತ್ತಿದ್ದರೆ ಕೆಲಸ ಆರಂಭವಾಗುವ ಮುನ್ನವೇ ಒಂದು ಪೂರ್ಣ ದಾಖಲೆ ಮಾಡಿಟ್ಟುಕೊಳ್ಳಿ. ಜೀರ್ಣೋದ್ಧಾರದ ಹೆಸರಿನಲ್ಲಿ ಮರಳು ಸಿಡಿಸಿ ಕಲ್ಲು ತೊಳೆಯುವ ಮಾತು ಬಂದರೆ, ಮುಂದಾಗುವ ನಷ್ಟ ಏನೆಂದು ಸಮಿತಿಯವರಿಗೆ ಚಿತ್ರ ಸಮೇತ ತೋರಿಸಲು ಆ ದಾಖಲೆ ಬೇಕಾಗುತ್ತದೆ.

ದೋಷದ ಮಿತಿಯನ್ನು ಮೀರಿದ ಬದಲಾವಣೆ ಕಂಡುಬಂದರೆ ಎರಡು ಪುಟದ ವರದಿ ಬರೆಯಿರಿ: ಎಲ್ಲಿ, ಎಷ್ಟು, ಯಾವ ಎರಡು ದಿನಾಂಕಗಳ ನಡುವೆ, ನಿಮ್ಮ ಅಳತೆಯ ದೋಷವೆಷ್ಟು. ಕಾರಣ ಖಚಿತವಿಲ್ಲದಿದ್ದರೆ ಊಹೆಯನ್ನು ಊಹೆಯೆಂದೇ ಬರೆಯಿರಿ. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವೃತ್ತ ಕಚೇರಿಗೆ, ಉಳಿದವುಗಳಿಗೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕಳಿಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಡಿ. ಅಂಟು ಹಾಕಿ ಚಕ್ಕೆ ಕೂರಿಸುವುದು, ಸಿಮೆಂಟ್ ಮೆತ್ತುವುದು, ಕಲ್ಲನ್ನು ಎತ್ತಿ ಬೇರೆಡೆ ನಿಲ್ಲಿಸುವುದು ಸಂರಕ್ಷಣಾ ತಜ್ಞರು ಬಂದು ನೋಡುವವರೆಗೆ ನಡೆಯದಂತೆ ಊರಿನವರನ್ನು ಕೇಳಿಕೊಳ್ಳಿ. ಅಷ್ಟರೊಳಗೆ ಚಕ್ಕೆ ಉದುರಿ ಬಿದ್ದರೆ ಬಿದ್ದ ಜಾಗದಲ್ಲಿಯೇ ಒಂದು ಚಿತ್ರ ತೆಗೆದು, ಚೂರುಗಳನ್ನು ಒಣ ಕಾಗದದಲ್ಲಿ ಸುತ್ತಿ, ದಿನಾಂಕ ಮತ್ತು ಕಿಟಕಿಯ ಸಂಖ್ಯೆ ಬರೆದ ಡಬ್ಬಿಯಲ್ಲಿಟ್ಟು ಇಲಾಖೆಯವರ ಕೈಗೆ ಒಪ್ಪಿಸಿ.